ಕಂಪ್ಯೂಟರ್ ನುಂಗಿದ ಮಾತುಗಳು

ಕೋವಿಡ್ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಯಾದಗಿರಿಯಲ್ಲಿ ಹಾರ್ಡ್‌ವೇರ್ ಟೆಕ್ನಿಷಿಯನ್. ಹೊಸ ಕಂಪ್ಯೂಟರುಗಳನ್ನು ಮಾರಿದವರೇ ನೋಡಿಕೊಳ್ಳುತ್ತಿದ್ದರು; ನನ್ನ ಪಾಲಿಗೆ ಬರುತ್ತಿದ್ದವು ಹಳೆಯವು. ಸುರಪುರದ ಜೆರಾಕ್ಸ್ ಅಂಗಡಿ, ಶಹಾಪುರದ ಟೈಪಿಂಗ್ ಸೆಂಟರ್, ಯಾವುದೋ ಹಳ್ಳಿ ಶಾಲೆಯ ಮೂಲೆ. ತೊಡೆಯ ಮೇಲೆ ಟೂಲ್ ಬ್ಯಾಗ್ ಇಟ್ಟುಕೊಂಡು, ಬಸ್ಸಿನ ಕಿಟಕಿಯಾಚೆ ಬಿಳಿಬಿಳಿಯಾಗಿ ಸರಿಯುವ ಹತ್ತಿ ಹೊಲಗಳನ್ನು ಅರೆಕಣ್ಣಲ್ಲಿ ನೋಡುತ್ತ ಹೋಗುವುದೇ ನನ್ನ ಅರ್ಧ ನೌಕರಿಯಾಗಿತ್ತು.

ಅಂಥದೇ ಒಂದು ಚಳಿಗಾಲದ ಮಧ್ಯಾಹ್ನ ಶಹಾಪುರದ ಸುಮಿತ್ರಾ ಅಕ್ಕೋರ ಮನೆಗೆ ಹೋದೆ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಇವರು ನಿವೃತ್ತರಾದ ಮೇಲೆ ಅಂಧ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಬಾಗಿಲು ತೆರೆದವರು ಅವರ ಯಜಮಾನರು ಭೀಮರಾಯಪ್ಪ. ನಾರಾಯಣಪುರ ಡ್ಯಾಮಿನಲ್ಲಿ ಗೇಟ್ ನೋಡಿಕೊಂಡಿದ್ದವರು, ಮಾತು ಕಡಿಮೆ. ನಡುಮನೆಯಲ್ಲಿ ಬಾಬಾಸಾಹೇಬರ ಪಟ, ಅದರ ಪಕ್ಕದ ಕಿಟಕಿಯಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು. ಬಿಸಿಲು ಜೇನಿನ ಹಾಗೆ ನೆಲದ ಮೇಲೆ ಹರಡಿತ್ತು.

ಅಕ್ಕೋರು ಒಳಗಿನ ಕೋಣೆಗೆ ಕರೆದೊಯ್ದರು. ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಳೆ ಸೀರೆಗಳನ್ನು ಹೊಲಿದ ದಪ್ಪ ಕೌದಿ ಹೊಡೆದಿದ್ದರು. ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಮೈಕು.

"ತಮ್ಮಾ, ಇದನ್ನ ರಿಪೇರಿ ಮಾಡ್ಲಿಕ್ಕೆ ಕರೆದಿಲ್ಲ. ಒಳಗಿರೋದೆಲ್ಲ ಕಾಪಿ ಮಾಡಿ ಕೊಡ್ರಿ. ಆಮ್ಯಾಲ ಮಷಿನ್ ಯಾರಿಗರ ಕೊಟ್ಟುಬಿಡ್ರಿ. ಇನ್ನ ನನ್ನ ಕೈಲಿ ಆಗಂಗಿಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ಕಂಪ್ಯೂಟರ್ ಆನ್ ಮಾಡಿದೆ. ಕರಿ ಪರದೆಯ ಮೇಲೆ ಬಿಳಿ ಸಾಲುಗಳು ಹರಿದವು. ಅವುಗಳ ನಡುವೆ ಒಂದು ವಾರ್ನಿಂಗ್: ಟೈಮರ್ ಇಂಟರಪ್ಟ್‌ಗಳು, ಅಂದರೆ ಒಳಗಿನ ಗಡಿಯಾರದ ಬಡಿತಗಳು, ಕಳೆದುಹೋಗುತ್ತಿವೆ. ಹಳೆಯ ಯಂತ್ರಗಳಲ್ಲಿ ಇಂಥವು ಬರುತ್ತಲೇ ಇರುತ್ತವೆಂದು ಕಾಪಿಗೆ ಹಾಕಿದೆ. ಅದು ತೆವಳುತ್ತ ಸಾಗಿತು. ನಾನು ಚಹಾ ಕುಡಿದು ಮುಗಿಸಿದರೂ ಒಂದು ಪಾಠ ಮುಗಿದಿರಲಿಲ್ಲ.

ಕಾಯುತ್ತ ಕೂತಾಗ ಅಕ್ಕೋರು ತಾವಾಗಿಯೇ ಹೇಳಿದರು. ಓದಿನಲ್ಲಿ ಅಲ್ಲಲ್ಲಿ ಮಾತುಗಳು ಬಿಟ್ಟುಹೋಗುತ್ತಿವೆ ಎಂದು ಅಂಧ ಮಕ್ಕಳ ಶಾಲೆಯವರು ತಿಳಿಸಿದ್ದರು. ಕೇಳಿ ನೋಡಿದರೆ ನಿಜವೇ. ಸಾಲಿನ ನಡುವೆಯೇ ಪದಗಳು ಮಾಯ.

"ನಾ ಓದೀನಿ ಅಂತನ ಅನಸ್ತದ. ಕೇಳಿದ್ರ ಅದರಾಗ ಇಲ್ಲ. ಒಂದು ತಾಸು ಕುಂತೀನಿ ಅನ್ಕೊಂಡು ಹೊರಗ ಬಂದ್ರ ಹೊತ್ತು ಮುಳುಗಿರ್ತದ. ನಮ್ಮವ್ವಗೂ ಹಿಂಗೇ ಶುರು ಆಗಿತ್ತು. ಮಾತಾಡ್ತ ಮಾತಾಡ್ತ ನಡುವೇ ನಿಂತುಬಿಡ್ತಿದ್ಲು. ಕಡೀಗೆ ನನ್ನ ಹೆಸರೂ ಮರತಳು."

ಬಾಗಿಲಲ್ಲಿ ನಿಂತಿದ್ದ ಭೀಮರಾಯಪ್ಪನವರು ನೆಲ ನೋಡುತ್ತಿದ್ದರು.

"ಅಕ್ಕೋರ, ಒಳಗ ಕುಂತಾಗ ಯಾವ ಗಡಿಯಾರ ನೋಡ್ತೀರಿ?" ಎಂದೆ.

ಅವರು ಕಂಪ್ಯೂಟರಿನ ಮೂಲೆ ತೋರಿಸಿದರು. ನನ್ನ ಕೈಗಡಿಯಾರಕ್ಕೂ ಅದಕ್ಕೂ ತಾಳೆಯೇ ಇರಲಿಲ್ಲ. ಅದು ಇನ್ನೂ ಬೆಳಗಿನಲ್ಲೇ ಇತ್ತು.

ಕಾಪಿ ನಿಲ್ಲಿಸಿ ಡಿಸ್ಕಿನ ವೇಗ ಅಳೆದೆ. ಸೆಕೆಂಡಿಗೆ ನಲವತ್ತು ಎಂಬಿ ಓದಬೇಕಾದದ್ದು ಮೂರನ್ನೂ ಮುಟ್ಟುತ್ತಿರಲಿಲ್ಲ. ಡಿಎಂಎ ಬಂದ್ ಆಗಿತ್ತು. ಡಿಎಂಎ ಎಂದರೆ ಡಿಸ್ಕು ತನ್ನ ಸರಕನ್ನು ತಾನೇ ಮೆಮೊರಿಗೆ ತಲುಪಿಸುವ ದಾರಿ. ಅದು ಮುಚ್ಚಿದರೆ ಪ್ರೊಸೆಸರೇ ಒಂದೊಂದು ಹಿಡಿಯನ್ನೂ ಹೊತ್ತು ಸಾಗಿಸಬೇಕು. ಆ ಗಡಿಬಿಡಿಯಲ್ಲಿ ಟೈಮರ್ ಬಡಿದದ್ದು ಅದಕ್ಕೆ ಕೇಳಿಸುವುದಿಲ್ಲ. ತಪ್ಪಿದ ಒಂದೊಂದು ಬಡಿತಕ್ಕೂ ಗಡಿಯಾರ ಹಿಂದೆ ಬೀಳುತ್ತದೆ. ಮೈಕಿನಿಂದ ಬಂದ ದನಿಯನ್ನು ಎತ್ತಿಕೊಳ್ಳಲೂ ಪುರಸೊತ್ತಿಲ್ಲದೆ ಅದು ಸೋರಿಹೋಗುತ್ತದೆ.

ಆದರೆ ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಅವರು ಸಮಾಧಾನದ ಮಾತೆಂದುಕೊಳ್ಳುತ್ತಿದ್ದರು. ನನ್ನ ಮೊಬೈಲನ್ನು ಮೈಕಿನ ಪಕ್ಕ ಇಟ್ಟು, ಎರಡರಲ್ಲೂ ರೆಕಾರ್ಡಿಂಗ್ ಒತ್ತಿ, "ಒಂದು ಪುಟ ಓದ್ರಿ" ಎಂದೆ.

ಅವರು ನದಿಗಳ ಪಾಠ ತೆಗೆದರು. ಕೌದಿಯ ಅಂಚಿನಿಂದ ನುಸುಳಿದ ಒಂದು ಎಳೆ ಬೆಳಕಿನಲ್ಲಿ ಧೂಳಿನ ಕಣಗಳು ನಿಧಾನ ತೇಲುತ್ತಿದ್ದವು. ಅವರ ದನಿ ಅವುಗಳಿಗಿಂತ ನಿಧಾನ. ಕೃಷ್ಣೆ ಘಟ್ಟದಲ್ಲಿ ಹುಟ್ಟಿ, ಬಯಲಿಗಿಳಿದು, ನಮ್ಮ ಸೀಮೆಯ ಬಂಡೆಗಳ ನಡುವೆ ಹಾದುಹೋದಳು. ನಾನು ಕೆಲಸ ಮರೆತು ದಂಡೆಯ ಮೇಲೆ ಕೂತವನಂತೆ ಕೇಳಿದೆ.

ಮೊದಲು ಕಂಪ್ಯೂಟರಿನದು ಹಾಕಿದೆ. ನದಿ ತುಂಡುತುಂಡಾಗಿತ್ತು. ಅಕ್ಕೋರ ಮುಖ ಬಾಡಿತು. ಬಳಿಕ ಮೊಬೈಲಿನದು ಹಾಕಿದೆ. ಒಂದಕ್ಷರವೂ ಬಿಟ್ಟಿರಲಿಲ್ಲ. ಅವರು ಪುಸ್ತಕದ ಸಾಲುಗಳ ಕೆಳಗೆ ಬೆರಳಾಡಿಸುತ್ತ ಕೊನೆಯವರೆಗೆ ಕೇಳಿದರು. ಬೆರಳು ಎಲ್ಲಿಯೂ ನಿಲ್ಲಲಿಲ್ಲ.

"ಇನ್ನೊಮ್ಮೆ ಹಾಕ್ರಿ," ಎಂದರು.

ಮತ್ತೆ ಹಾಕಿದೆ. ಅದು ಮುಗಿದ ಮೇಲೆ ಭೀಮರಾಯಪ್ಪ ಒಳಗೆ ಬಂದು ಹೆಂಡತಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. "ನಾ ರಾತ್ರಿ ನಿದ್ದಿ ಮಾಡಿಲ್ಲ ಸುಮಿತ್ರಾ," ಎಂದರು. "ನಿಮ್ಮವ್ವನಂಗ ಆಗಾಕತ್ತದೇನೋ, ನಿನಗ ಹೇಳೋದು ಹ್ಯಾಂಗ ಅಂತ."

"ನನಗೂ ಗೊತ್ತಿತ್ತು," ಎಂದರು ಅಕ್ಕೋರು. "ಮಗ್ಗಲಿಗೇ ಮಲಗ್ತೀನಿ, ಗೊತ್ತಾಗಂಗಿಲ್ಲೇನು?"

ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಡಿಸ್ಕಿನ ಚಪ್ಪಟೆ ಕೇಬಲ್ ಮಡಚಿದ ಕಡೆ ಸೀಳಿತ್ತು. ಮಾಹಿತಿ ಪದೇಪದೇ ಕೆಟ್ಟು ಬಂದದ್ದರಿಂದ ಕಂಪ್ಯೂಟರ್ ತಾನಾಗಿಯೇ ವೇಗ ಇಳಿಸಿ ಡಿಎಂಎ ಕೈಬಿಟ್ಟಿತ್ತು. ಬ್ಯಾಗಿನಲ್ಲಿದ್ದ ಬೇರೆ ಕೇಬಲ್ ಜೋಡಿಸಿ, ಗಡಿಯಾರ ಸರಿಮಾಡಿ, ಮತ್ತೆ ಆನ್ ಮಾಡಿದೆ. ಆ ವಾರ್ನಿಂಗ್ ಬರಲಿಲ್ಲ. ಡಿಸ್ಕಿನ ವೇಗ ಮರಳಿತ್ತು. ಕಾಪಿಯೂ ಬೇಗ ಮುಗಿಯಿತು, ಆದರೆ ಮಷಿನ್ ಯಾರಿಗಾದರೂ ಕೊಡುವ ಮಾತು ಮತ್ತೆ ಬರಲಿಲ್ಲ. ತುಂಡಾದ ಪಾಠಗಳನ್ನೆಲ್ಲ ಅಕ್ಕೋರು ಮರುವಾರದಿಂದ ಹೊಸದಾಗಿ ಓದಿ ಕಳಿಸಿದರೆಂದು ಆಮೇಲೆ ತಿಳಿಯಿತು.

ಕೆಟ್ಟ ಭಾಗ ಹುಡುಕುವುದನ್ನು ಯಾರಾದರೂ ಕಲಿಸಬಹುದು. ಆ ಭಾಗ ಕೆಟ್ಟಿದ್ದರಿಂದ ಎದುರು ಕೂತವರು ತಮ್ಮ ಬಗ್ಗೆಯೇ ಏನನ್ನು ನಂಬಿಕೊಂಡುಬಿಟ್ಟಿದ್ದಾರೆ ಎಂಬುದು ಯಾವ ಪರದೆಯ ಮೇಲೂ ಬರುವುದಿಲ್ಲ. ಈಗಲೂ ಹಳೆಯ ಕಂಪ್ಯೂಟರ್ ನೋಡಲು ಯಾರಾದರೂ ಕರೆದರೆ ಸ್ಕ್ರೂಡ್ರೈವರ್ ಹೊರತೆಗೆಯುವ ಮೊದಲು ಕುರ್ಚಿ ಎಳೆದುಕೊಂಡು ಕೂತು ಕೇಳುತ್ತೇನೆ: "ಇದು ಹಿಂಗ ಮಾಡಾಕತ್ತಿದಾಗ ನಿಮಗ ಏನನಿಸ್ತ್ರಿ?"