ಗೋಡೆಯಾಚೆಯ ಮೆಣಸಿನ ಗಿಡ

ಚಿಕ್ಕರಸಿನಕೆರೆಯ ನಮ್ಮ ಬೀದಿಯಲ್ಲಿ ಚಿಕ್ಕಬೋರಮ್ಮನಂಥ ಜಗಳಗಂಟಿ ಇನ್ನೊಬ್ಬಳಿಲ್ಲ. ಮನೆ ಪಾಲಾದಾಗ ಹಿತ್ತಿಲ ತೆಂಗಿನಮರ ವಾರಗಿತ್ತಿ ಮೋಹಿನಿಗೆ ಹೋಯಿತೆಂದು ಅವಳ ಜೊತೆ ಮಾತು ಬಿಟ್ಟವಳು, ಬಿಟ್ಟೇಬಿಟ್ಟಳು; ಬಾಯಿ ತೆರೆದರೆ ಜಗಳಕ್ಕೆ ಮಾತ್ರ. ಇಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ.

ಚಿಕ್ಕಬೋರಮ್ಮನಿಗೆ ಜೀವವೆಂದರೆ ತವರಿನಿಂದ ತಂದ ಗುಂಡು ಮೆಣಸಿನಕಾಯಿ. ತವರಿನಲ್ಲೂ ಆ ತಳಿ ಈಗ ಉಳಿದಿಲ್ಲ. ಪ್ರತಿವರ್ಷ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ನಾನದ ನೀರು ಕಾಯಿಸುವ ಒಲೆಯ ಪಕ್ಕದ ಗೂಡಿನಲ್ಲಿಟ್ಟು ಮೊಳಕೆ ಬರಿಸುತ್ತಿದ್ದಳು. ಈ ಸಲ ಮಗ ಗೀಸರ್ ಹಾಕಿಸಿದ. ಒಲೆ ತಣ್ಣಗಾಯಿತು, ಬೀಜ ಮೊಳೆಯದೆ ಅರ್ಧ ಕೊಳೆತುಹೋಯಿತು. ಮಗನನ್ನು, ಸೊಸೆಯನ್ನು, ಕೊನೆಗೆ ಗೀಸರನ್ನೂ ಬಿಡದೆ ಬೈದಳು.

ಉಳಿದ ಬೀಜದ ಗಂಟನ್ನು ಅವಳು ಇಟ್ಟದ್ದು ಆ ನಡುಗೋಡೆಯ ಗೂಡಿನಲ್ಲಿ. ಗೋಡೆಯ ಆಚೆ ಬದಿಗೆ ಮೋಹಿನಿಯ ನೀರೊಲೆ ದಿನಾ ಉರಿಯುತ್ತದೆ. ಹಗೆಯವಳ ಸೌದೆಗೆ ಇವಳ ಬೀಜ ಮೊಳೆತು, ಕುಂಡದಲ್ಲಿ ಸಸಿಗಳಾದವು.

ಗಂಟನ್ನು ಮೊದಲೇ ಕಂಡಿದ್ದ ಮೋಹಿನಿ ಗೋಡೆಯ ಮೇಲಿಂದ ಕೇಳಿದಳು. "ಅಕ್ಕ, ನನ್ನೊಲೆ ಕಾವ್ಗೇ ಬಂದಿರೋದಲ್ವಾ? ಎರಡು ಸಸಿ ಕೊಡು."

"ನಿನ್ನೊಲೆ ಉರ್ಸು ಅಂತ ನಾನೇನ್ ಕೇಳ್ಕಂಡಿದ್ನಾ? ತಿಪ್ಪೆಗಾದ್ರೂ ಆಕ್ತೀನಿ, ನಿಂಗ್ ಕೊಡಾಕಿಲ್ಲ."

ಹೇಳಿದಂತೆಯೇ ಮಾಡಿದಳು. ಬೇಕಾದಷ್ಟನ್ನು ಅಂಗಳದ ಪಾತಿಯಲ್ಲಿ ನೆಟ್ಟು, ಮಿಕ್ಕ ಸಸಿಗಳನ್ನು ಮೋಹಿನಿಯ ಎದುರಿಗೇ ಕಿತ್ತು ತಿಪ್ಪೆಗೆ ಎಸೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ವಾರವೇ ಅವಳದೇ ಕೋಳಿಗಳು ಪಾತಿಗೆ ನುಗ್ಗಿ ಒಂದು ಸಸಿಯನ್ನೂ ಬಿಡದೆ ಕೆದಕಿ ಹಾಕಿದವು. ಬೀಜದ ಡಬ್ಬಿಯಲ್ಲೂ ಏನೂ ಉಳಿದಿರಲಿಲ್ಲ. ಅಂಗಳದಲ್ಲಿ ಕೂತು ಅತ್ತಳು. ನಾವು ಯಾರೂ ಸಮಾಧಾನ ಹೇಳಲು ಹೋಗಲಿಲ್ಲ.

ಈಗ ಗುಂಡು ಮೆಣಸಿನ ಗಿಡ ಇರುವುದು ಮೋಹಿನಿಯ ಹಿತ್ತಿಲಲ್ಲಿ ಮಾತ್ರ. ಅವತ್ತು ತಿಪ್ಪೆಯಿಂದ ಸಸಿ ಆರಿಸಿ ತಂದು ಬದುಕಿಸಿಕೊಂಡಿದ್ದಾಳೆ. ಮೊನ್ನೆ ಚಿಕ್ಕಬೋರಮ್ಮ ಗೋಡೆಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದಳು.

"ಬೇಕಾದ್ರೆ ಬಾಯ್ಬುಟ್ಟು ಕೇಳಕ್ಕ, ಕೊಡ್ತೀನಿ," ಅಂದಳು ಮೋಹಿನಿ.

"ಮದ್ದೂರಲ್ಲಿ ಖಾರದ್ಪುಡಿ ಪ್ಯಾಕೆಟ್ಟು ಸಿಕ್ತದೆ," ಅಂದು ಇವಳು ಒಳಗೆ ಹೋದಳು.

ಕಾಯಿಗಳು ಕೆಂಪಾಗಿ ಗಿಡದಲ್ಲೇ ಒಣಗುತ್ತಿವೆ. ಮೋಹಿನಿ ಸಾರಿಗೆಂದು ಒಂದನ್ನೂ ಕಿತ್ತಿಲ್ಲ, ಎಲ್ಲವನ್ನೂ ಬೀಜಕ್ಕೆ ಬಿಟ್ಟಿದ್ದಾಳೆ. ಚಿಕ್ಕಬೋರಮ್ಮ ಇನ್ನೂ ಕೇಳಿಲ್ಲ.