ಭಾವ ತುಂಬಿಟ್ಟ ಇಪ್ಪತ್ಮೂರು ತೋಟಾಗಳು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಚಳ್ಳಕೆರೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೇನೆ. ಹುಣಸೆಮರದಲ್ಲಿ ಬೆಳಕು ಕಂಡಿತು, ಸತ್ತವರು ಬಾಗಿಲು ತಟ್ಟಿದರು ಎಂದು ಬಂದವರನ್ನೆಲ್ಲ ಕೂರಿಸಿ, ಯಾರು ನೋಡಿದ್ದು, ಎಷ್ಟು ಹೊತ್ತಿಗೆ, ಜೊತೆಗೆ ಇನ್ಯಾರಿದ್ದರು ಎಂದು ಕೇಳುತ್ತಿದ್ದೆ. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ದೆವ್ವ ಓಡಿಹೋಗಿರುತ್ತಿತ್ತು. ಈಗ ಹೇಳಹೊರಟಿರುವುದಕ್ಕೂ ಅದೇ ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಉತ್ತರಗಳು ಸಿಕ್ಕಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲ, ಅಷ್ಟೆ.

ನನ್ನ ಅಕ್ಕನನ್ನು ದೇವಸಮುದ್ರದ ಕಡೆ ಒಂದು ಹಳ್ಳಿಗೆ ಕೊಟ್ಟಿದೆ. ಭಾವನಿಗೆ ಗುಡ್ಡದ ಬುಡದಲ್ಲಿ ಶೇಂಗಾ ಹೊಲ. ಹಂದಿ ಕಾಟಕ್ಕೆಂದು ಅವರ ಬಳಿ ಲೈಸೆನ್ಸಿನ ಬಂದೂಕಿತ್ತು. ಅದರ ತೋಟಾಗಳನ್ನು ಅವರು ಮನೆಯಲ್ಲೇ ತುಂಬುತ್ತಿದ್ದರು. ಹಾರಿಸಿ ಬರಿದಾದ ಹಿತ್ತಾಳೆ ಕೊಳವೆಗಳನ್ನೇ ಮತ್ತೆ ಬಳಸುವುದು. ಒಳಗಿನ ಚರೆಗುಂಡು ಚೆಲ್ಲದಂತೆ ಬಾಯಿಗೆ ದುಂಡನೆಯ ರಟ್ಟಿನ ಬಿಲ್ಲೆ ಕೂರಿಸಿ ಅಂಚಿಗೆ ಮೇಣ ಹಚ್ಚುತ್ತಿದ್ದರು. ಆ ಬಿಲ್ಲೆಗಳನ್ನು ಕತ್ತರಿಸುತ್ತಿದ್ದದ್ದು ಹಳೆಯ ಲಗ್ನಪತ್ರಿಕೆಗಳಿಂದ. "ಮದ್ವೆ ಕಾರ್ಡಿನಷ್ಟು ಗಟ್ಟಿ ರಟ್ಟು ಇನ್ನೊಂದಿಲ್ಲ ಕಣಪ. ಮದ್ವೆ ಮುರುದ್ರೂ ಇದು ಮುರಿಯಲ್ಲ" ಎನ್ನುತ್ತಿದ್ದರು. ಹೀಗಾಗಿ ಒಂದು ತೋಟಾದ ಬಾಯಲ್ಲಿ ಯಾರದೋ ಮುಹೂರ್ತ, ಇನ್ನೊಂದರಲ್ಲಿ ಅರ್ಧ ಗಣಪತಿ ಕಾಣುತ್ತಿತ್ತು.

ತುಂಬಿದ್ದನ್ನು ಡಬ್ಬಿಗೆ ಹಾಕಿ, ತೇವ ಹಿಡಿಯದಂತೆ ಮುಚ್ಚಿ, ಬಿತ್ತನೆ ಬೀಜದ ಕೋಣೆಯ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಆ ಕೋಣೆಗೆ ದೀಪ ಒಯ್ಯುವಂತಿರಲಿಲ್ಲ. ಅಲ್ಲಿನ ಗೋಡೆಯ ಬಸವಣ್ಣನ ಪಟಕ್ಕೆ ಅಕ್ಕ ಹೂವಷ್ಟೇ ಏರಿಸುತ್ತಿದ್ದಳು. ಊದಿನಕಡ್ಡಿಯ ಭಾಗ್ಯ ಆ ದೇವರಿಗಿರಲಿಲ್ಲ.

ಭಾವ ತೀರಿಕೊಂಡದ್ದು ಒಂದು ಕಾರ್ತಿಕದಲ್ಲಿ, ಹೊಲದಲ್ಲೇ, ಎದೆನೋವು ಬಂದು. ಮೂರನೇ ದಿನ ನಾನೂ ಅವರ ಮಗ ಮಹೇಶನೂ ಬಂದೂಕು, ಉಳಿದ ಮದ್ದು, ಬಿಲ್ಲೆ ಕತ್ತರಿಸುವ ಅಚ್ಚು ಎಲ್ಲವನ್ನೂ ಠಾಣೆಗೆ ಒಪ್ಪಿಸಿ ರಸೀತಿ ಪಡೆದೆವು. ಟ್ರಂಕಿನ ಡಬ್ಬಿ ಅಕ್ಕನಿಗೆ ನೆನಪಾದದ್ದು ಶಿವಗಣಾರಾಧನೆಯ ದಿನ. ತೆಗೆದು ಎಣಿಸಿದೆ. ಇಪ್ಪತ್ಮೂರು. ವೃತ್ತಿಯ ಚಾಳಿ, ಪುಸ್ತಕದಲ್ಲಿ ಬರೆದುಕೊಂಡೆ. ಬಿಲ್ಲೆಗಳನ್ನೂ ಒಂದೊಂದಾಗಿ ನೋಡಿದೆ. ಮುಂದಿನ ವಾರ ಒಪ್ಪಿಸಿದರಾಯಿತು ಎಂದು ಬೀಗ ಹಾಕಿಸಿ, ಕೀಲಿಯನ್ನು ಅಕ್ಕನ ಸೊಂಟಕ್ಕೆ ಸಿಗಿಸಿ ಬಂದೆ. ಆ ಮುಂದಿನ ವಾರ ಬರಲು ಆರು ತಿಂಗಳು ಹಿಡಿಯಿತು. ಈ ತಪ್ಪು ನನ್ನದೇ.

ಅಷ್ಟರಲ್ಲಿ ಅಕ್ಕನ ಮಗಳು ಗೀತಾಳಿಗೆ ಸಂಬಂಧ ಕೂಡಿಬಂದು ಮದುವೆಯೂ ಆಯಿತು. ಲಗ್ನಪತ್ರಿಕೆ ಮಾಡಿಸಿದವನು ನಾನು. ಮೆರೂನ್ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ಗೀತಾಳ ಹೆಸರಿನಲ್ಲಿ ಒಂದು ಕಡೆ ಬಣ್ಣ ಹಿಡಿಯದೆ ಅಕ್ಷರ ತುಂಡಾಗಿತ್ತು. ಪ್ರೆಸ್ಸಿನವನೊಂದಿಗೆ ಜಗಳವಾಡಿದ್ದೆ, ಅವನು ಮತ್ತೆ ಅಚ್ಚು ಹಾಕಲು ಒಪ್ಪಿರಲಿಲ್ಲ. ಮೊದಲ ಕಾರ್ಡು ಮನೆದೇವರಿಗೆ. ಎರಡನೆಯದನ್ನು ಅಕ್ಕ ಹೊಲದಲ್ಲಿರುವ ಭಾವನ ಸಮಾಧಿಯ ಮೇಲೆ ಕಲ್ಲು ಹೇರಿಟ್ಟು ಬಂದಳು.

ಮದುವೆ ಮುಗಿದ ಮೇಲೆ ಒಂದು ಮಧ್ಯಾಹ್ನ ಡಬ್ಬಿ ಒಯ್ಯಲು ಹೋದೆ. ಅಕ್ಕ ಕೀಲಿ ಬಿಚ್ಚಿ ಕೊಟ್ಟಳು. ಪಡಸಾಲೆಗೆ ತಂದು ಬಟ್ಟೆಯ ಮೇಲೆ ಸಾಲಾಗಿಟ್ಟು ಎಣಿಸಿದೆ. ಇಪ್ಪತ್ಮೂರು. ಸರಿಯಿತ್ತು. ಡಬ್ಬಿಗೆ ತುಂಬುವಾಗ ಒಂದರ ಬಾಯಿ ಮೆರೂನ್ ಬಣ್ಣದ್ದಾಗಿ ಕಂಡಿತು. ಬಿಸಿಲಿಗೆ ಹಿಡಿದೆ. ಚಿನ್ನದ ಅಕ್ಷರದಲ್ಲಿ ಗೀತಾ ಎಂದಿತ್ತು. ಅಕ್ಷರ ಅದೇ ಜಾಗದಲ್ಲಿ ತುಂಡಾಗಿತ್ತು. ಅಂಚಿನ ಮೇಣ ಭಾವ ಹಚ್ಚುತ್ತಿದ್ದಷ್ಟೇ ತೆಳ್ಳಗೆ, ಸುತ್ತಲೂ ಒಂದೇ ಸಮನಾಗಿತ್ತು.

ಭಯವಾಗಲಿಲ್ಲ. ಲೆಕ್ಕ ತಪ್ಪಿದವನಿಗೆ ಆಗುವ ಗಲಿಬಿಲಿ ಆಯಿತು. ಮನೆಯಲ್ಲಿ ಉಳಿದಿದ್ದ ಕಾರ್ಡು ತಂದು ಪಕ್ಕಕ್ಕಿಟ್ಟೆ. ಅದೇ. ಹೊಸದಾಗಿ ತುಂಬಿದ್ದು ಎಂದಾದರೆ ಲೈಸೆನ್ಸಿಲ್ಲದೆ ತುಂಬಿದಂತೆ, ಕೇಸು ಮಹೇಶನ ಮೇಲೆ. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಈ ಕೆಲಸ ಕಲಿತವನು ಊರಿನಲ್ಲಿ ಅವನೊಬ್ಬನೇ. ಅಕ್ಕ ನನ್ನ ಮುಖ ನೋಡಿದಳು, ಬಿಲ್ಲೆ ನೋಡಿದಳು, ಮಗನನ್ನು ಕೂಗಿದಳು.

"ಲೇ ಮಯೇಶ, ಇದನ್ನ ನೀನು ಮಾಡಿದ್ಯಾ?"

ಮಹೇಶ ಬಗ್ಗಿ ನೋಡಿ ಹಿಂದಕ್ಕೆ ಸರಿದ. "ನಾನ್ಯಾಕೆ ಮಾಡ್ಲವ್ವ? ಬಂದೂಕು ಠಾಣ್ಯಾಗೈತೆ. ತೋಟಾ ತುಂಬಿ ಏನ್ ಮಾಡ್ಲಿ, ಹಂದಿ ಮಕಕ್ಕೆ ಎಸೀಲಾ?"

"ನಗಬ್ಯಾಡ. ಕೇಸು ಹಾಳಾಗಿ ಹೋಗ್ಲಿ. ನನ್ನ ಮುಂದೆ ನಿಂತು ಸುಳ್ಳು ಹೇಳ್ತೀಯಾ ಇಲ್ವಾ ಅಂತ ನನಗೆ ಗೊತ್ತಾಗ್ಬೇಕು."

"ಅಪ್ಪನ ಆಣೆಗೂ ಇಲ್ಲ. ಮಾವ, ನೀನಾದ್ರೂ ಹೇಳು." ಅವನ ಕಣ್ಣು ತುಂಬಿತ್ತು. ಅಕ್ಕ ಒಳಗೆ ಹೋದಳು. ಆಮೇಲೆ ಒಂದು ವಾರ ಅವಳು ಅವನೊಂದಿಗೆ ಮಾತಾಡಲಿಲ್ಲವಂತೆ. ತಟ್ಟೆ ಮುಂದಿಟ್ಟು ಎದ್ದು ಹೋಗುತ್ತಿದ್ದಳಂತೆ.

ಆ ವಾರ ನಾನು ವಿಚಾರಿಸಿದ್ದು ಇಷ್ಟು. ಕೀಲಿ ಅಕ್ಕನ ಸೊಂಟ ಬಿಟ್ಟಿರಲಿಲ್ಲ. ಮದುವೆಯ ದಿನವೂ ಇತ್ತು, ಫೋಟೋದಲ್ಲಿ ಕಾಣುತ್ತದೆ. ಬೀಗ ಒಡೆದ ಗುರುತಿಲ್ಲ. ಬಿಲ್ಲೆ ಕತ್ತರಿಸುವ ಅಚ್ಚು ಠಾಣೆಯಲ್ಲೇ ಇತ್ತು. ಕತ್ತರಿಯಲ್ಲಿ ಕತ್ತರಿಸಿದ್ದರೆ ಅಂಚು ಅಷ್ಟು ನುಣುಪಾಗಿ ಬರುವುದಿಲ್ಲ. ಯಾರೋ ಹಳೆಯ ತೋಟಾದ ಬಿಲ್ಲೆ ಕಿತ್ತು ಇದನ್ನು ಕೂರಿಸಿದ್ದಾರೆ ಎನ್ನೋಣ. ಯಾಕೆ? ಭಾವನ ಸಮಾಧಿಗೂ ಹೋದೆ. ಕಲ್ಲು ಇತ್ತು, ಕಾರ್ಡು ಇರಲಿಲ್ಲ. ಗಾಳಿ ಒಯ್ದಿರಬಹುದು, ಕುರಿ ತಿಂದಿರಬಹುದು. ಕಾರ್ತಿಕದಲ್ಲಿ ಎಣಿಸಿದಾಗ ನಾನೇ ಸರಿಯಾಗಿ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಲೂ ಸಿದ್ಧನಿದ್ದೆ. ಆದರೆ ಆಗ ಆ ಕಾರ್ಡೇ ಹುಟ್ಟಿರಲಿಲ್ಲ.

ಕೊನೆಗೆ ಮೂವರೂ ಠಾಣೆಗೆ ಹೋದೆವು. ಬರವಣಿಗೆಯ ಮೇಜಿನ ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ನನಗೆ ಗುರುತಿನವರೇ. "ಏನ್ರೀ, ತಡ ಆತು ಅಂತ ನಮ್ ಮ್ಯಾಲೆ ಬರೀತೀರಿ, ನೀವು ಆರು ತಿಂಗ್ಳು ಇಟ್ಕಂಡೀರಲ್ರೀ!" ಎಂದು ಚುಚ್ಚಿದರು. ತೋಟಾಗಳನ್ನು ಎಣಿಸಿ, ಹೇಳಿಕೆ ಬರೆದುಕೊಡಲು ಹೇಳಿದರು. ಅಕ್ಕನ ಹೆಸರಿನಲ್ಲಿ ನಾನೇ ಬರೆದೆ. 'ಈ ಇಪ್ಪತ್ಮೂರು ತೋಟಾಗಳನ್ನು ನನ್ನ ಪತಿಯವರು ತಾವು ಬದುಕಿದ್ದಾಗ ತುಂಬಿ ಮನೆಯಲ್ಲಿ ಇಟ್ಟಿದ್ದರು.' ಸುಳ್ಳೆಂದು ಹೇಳಲಾರೆ, ನಿಜವೆಂದೂ ಹೇಳಲಾರೆ. ಅಂಥ ವಾಕ್ಯವನ್ನು ಅಲ್ಲಿಯವರೆಗೆ ಬರೆದಿರಲಿಲ್ಲ.

ಓದಿ ಹೇಳಿದೆ. ಅಕ್ಕ ಪೆನ್ನು ಹಿಡಿದುಕೊಂಡೇ ಕೂತಳು. ಗೋಡೆಗೆ ಒರಗಿ ನಿಂತಿದ್ದ ಮಗನನ್ನು ಒಂದು ಸಲ ನೋಡಿದಳು.

"ತಮ್ಮ, 'ಬದುಕಿದ್ದಾಗ' ಅಂತ ಐತಲ್ಲ, ಅದನ್ನ ಹೊಡದಾಕು."

"ಯಾಕಮ್ಮ?" ಎಂದರು ಹೆಡ್ ಕಾನ್‌ಸ್ಟೆಬಲ್.

"ತುಂಬಿದೋರು ಅವ್ರೇ. ಅಷ್ಟಿದ್ರೆ ಸಾಕಲ್ವೇನ್ರೀ?"

ಸಾಕು ಎಂದರು ಅವರು. ಬಿಸಿಲಿತ್ತು, ಊಟದ ಹೊತ್ತಾಗಿತ್ತು. ನಾನು ಆ ಪದವನ್ನು ಹೊಡೆದುಹಾಕಿದೆ. ಅಕ್ಕ ಸಹಿ ಮಾಡಿ ಎದ್ದು, "ಬಾರೋ, ಹಸಿದಿದ್ದೀಯ" ಎಂದು ಮಹೇಶನ ತೋಳು ಹಿಡಿದು ಹೊರಗೆ ನಡೆದಳು.

ಅವಳ ಸಹಿಯ ಕೆಳಗೆ ಸಾಕ್ಷಿ ಎಂದು ನನ್ನ ಹೆಸರಿದೆ. ಯಾವುದಕ್ಕೆ ಸಾಕ್ಷಿ ಹಾಕಿದೆನೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ.