ಕಿವಿ ಮೇಸ್ತ್ರಿ ಹೂಂ ಅಂದದ್ದು

ಮೋಟರ್ ಸೈಕಲ್ಲು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಕಾಯಿಲೆ ಏನೆಂದು ಹೇಳಿಬಿಡುತ್ತಿದ್ದ ಅಂತ ಜನ ಅವನಿಗೆ ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ಬಗ್ಗಿಸಿದ ತಲೆ ಎತ್ತದೆ, ಕೈಯಲ್ಲಿನ ಸ್ಪ್ಯಾನರ್ ಕೆಳಗಿಡದೆ, "ಟ್ಯಾಪೆಟ್ ಸಡಿಲ ಆಗಿದೆ, ಪಕ್ಕಕ್ಕೆ ನಿಲ್ಲಿಸಿ" ಅನ್ನುತ್ತಿದ್ದ. ಗಾಡಿಯವನು ಇನ್ನೂ ಸ್ಟ್ಯಾಂಡ್ ಹಾಕಿರುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ ಅವನು ಕಣ್ಣು ಮುಚ್ಚಿದನೆಂದರೆ, ಪಕ್ಕದಂಗಡಿಯ ದರ್ಜಿ ಕೂಡ ಗೌರವಕ್ಕೆಂದು ಹೊಲಿಗೆ ಯಂತ್ರ ನಿಲ್ಲಿಸುತ್ತಿದ್ದ. ಮೂವತ್ತೈದು ವರ್ಷ ಹೀಗೇ ನಡೆಯಿತು.

ಆ ಕಿವಿ ಹೋಗತೊಡಗಿದ್ದು ಯಾವಾಗ ಅಂತ ಮೇಸ್ತ್ರಿಗೇ ಗೊತ್ತಿಲ್ಲ. ಸೈಲೆನ್ಸರ್ ಬಿಚ್ಚಿದ ಇಂಜಿನ್ನುಗಳ ಪಕ್ಕ ಅಷ್ಟು ವರ್ಷ ಕೂತವನ ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಸಣ್ಣಪುಟ್ಟ ಸದ್ದುಗಳು ಹೋದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ವಾಸ. ಅಲ್ಲಿನ ನಲ್ಲಿ ತೊಟ್ಟಿಕ್ಕುವುದು ನಿಂತಿತು ಅಂದುಕೊಂಡ. ಆಮೇಲೊಂದು ಬೆಳಿಗ್ಗೆ ನೋಡಿದರೆ ಬಕೆಟ್ಟು ತುಂಬಿ ನೆಲವೆಲ್ಲ ನೀರು. ಹೆಂಡತಿ ಇದ್ದಿದ್ದರೆ ಮೊದಲ ವಾರದಲ್ಲೇ ಕಂಡುಹಿಡಿಯುತ್ತಿದ್ದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತಾನು ಕಿವುಡನಾಗುತ್ತಿದ್ದೇನೆ ಅನ್ನುವುದು ಒಂಟಿ ಮನುಷ್ಯನಿಗೆ ತಡವಾಗಿಯೇ ತಿಳಿಯುವುದು. ಎರಡನೇ ಸಲ ಕೂಗುವವರು ಮನೆಯಲ್ಲಿ ಇರಬೇಕಲ್ಲ.

ತಿಳಿದ ಮೇಲೆ ಅವನು ಅದನ್ನು ಮುಚ್ಚಿಟ್ಟ. ಕಿವಿ ಮೇಸ್ತ್ರಿಗೆ ಕಿವಿಯೇ ಇಲ್ಲ ಅಂತಾದರೆ ಬೀದಿಗೆ ಬೀದಿಯೇ ಆಡಿಕೊಳ್ಳುತ್ತದೆ. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ಊಹಿಸುವುದನ್ನು ಕಲಿತ. ಉಳಿದರ್ಧಕ್ಕೆ ಹೂಂಗುಟ್ಟುವುದನ್ನು ಕಲಿತ. ಹೂಂ ಅನ್ನುವುದು ಬಹಳ ಉಪಕಾರಿಯಾದ ಮಾತು. ತಿಳಿಯಿತು ಅಂತಲೂ ಆಗುತ್ತದೆ, ಒಪ್ಪಿದೆ ಅಂತಲೂ ಆಗುತ್ತದೆ, ಮುಂದಕ್ಕೆ ಹೇಳು ಅಂತಲೂ ಆಗುತ್ತದೆ.

ಎಲ್ಲಕ್ಕಿಂತ ಕಷ್ಟ ಫೋನಿನದು. ಅಲ್ಲಿ ತುಟಿ ಕಾಣುವುದಿಲ್ಲ. ಅವನಿಗೆ ಫೋನ್ ಮಾಡುತ್ತಿದ್ದವಳು ಒಬ್ಬಳೇ, ಬೇರೆ ಊರಲ್ಲಿದ್ದ ತಂಗಿ, ಪ್ರತಿ ಭಾನುವಾರ ಮಧ್ಯಾಹ್ನ. ಜೇಬಿನಲ್ಲಿ ಫೋನು ನಡುಗಿದರೆ ಮೇಸ್ತ್ರಿ ಕೈ ಒರೆಸಿಕೊಂಡು ಕೋಣೆಯೊಳಗೆ ಹೋಗಿ ಮಂಚದ ಮೇಲೆ ಕೂರುತ್ತಿದ್ದ. ಕೇಳಿಸುತ್ತಿದ್ದದ್ದು ಗಡಿಗೆಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದು, ಅಷ್ಟೇ. ಅದು ನಿಂತಾಗಲೆಲ್ಲ ಇವನು ಒಂದು ಹೂಂ, ಒಂದು ಹೌದಾ, ಒಂದು ಒಳ್ಳೇದಾಯ್ತು ಬಿಡು, ಹೀಗೆ ಸರದಿಯಲ್ಲಿ ಹಾಕುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಬೆಚ್ಚಗಾದ ಫೋನನ್ನು ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡು ಕೂತಿರುತ್ತಿದ್ದ. ತಂಗಿ ಮಾತಾಡಿದಳು ಅನ್ನುವುದೇ ಅವನಿಗೆ ಸಾಕಾಗಿತ್ತು.

ಒಂದು ಭಾನುವಾರ ಫೋನು ನಡುಗಲಿಲ್ಲ. ಮುಂದಿನ ವಾರವೂ ಇಲ್ಲ. ತಾನೇ ಮಾಡೋಣವೆಂದರೆ, ಮಾಡಿ ಏನು ಕೇಳುವುದು? ಕೊಟ್ಟ ಹೆಣ್ಣು ಕುಲದಿಂದ ಹೊರಗೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ, ಅವಳಿಗೂ ಅವಳ ಸಂಸಾರದ ರಗಳೆ ಇರುತ್ತದೆ, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೀಗೆ ಏಳು ತಿಂಗಳು ಕಳೆಯಿತು. ಆ ಏಳು ತಿಂಗಳಲ್ಲಿ ಗಿರಾಕಿಗಳನ್ನು, ಹೊತ್ತು ಕಳೆಯಲು ಅಂಗಡಿಗೆ ಬಂದು ಕೂರುವವರನ್ನು ಬಿಟ್ಟರೆ ಯಾರೂ ಅವನೊಡನೆ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ.

ಆಗ ಬಂದದ್ದು ನರ್ಸಮ್ಮನ ಗಾಡಿ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವುದು ಆಕೆಯ ಕೆಲಸ. ಓಡಿಸುತ್ತಿದ್ದದ್ದು ಅವರಪ್ಪನ ಕಾಲದ ಒಂಟಿ ಸಿಲಿಂಡರಿನ ಭಾರೀ ಮೋಟರ್ ಸೈಕಲ್ಲು. ಅದು ಆಯಿಲ್ ಕಾರುತ್ತಿತ್ತು. ಟ್ಯಾಪೆಟ್ ಮುಚ್ಚಳದಿಂದ, ಸಿಲಿಂಡರಿನ ಬುಡದಿಂದ, ಸೀಲುಗಳಿಂದ, ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಜಿನುಗಿ, ಆಕೆಯ ಎಡಗಾಲಿನ ಬೂಟು ಸದಾ ಕಪ್ಪಗಿರುತ್ತಿತ್ತು. ರೋಗಿಗಳ ಮನೆಯವರು ಅಂಗಳದಲ್ಲಿ ಗಾಡಿ ನಿಲ್ಲಿಸಬೇಡಿ ಅನ್ನುವ ಮಟ್ಟಕ್ಕೆ ಬಂದಿತ್ತು.

ನರ್ಸಮ್ಮ ಅವಸರದಲ್ಲಿದ್ದರು. ಹೆಲ್ಮೆಟ್ ತೆಗೆಯದೆ, ಹಿಂದಿನ ಸೀಟಿಗೆ ಕಟ್ಟಿದ್ದ ಔಷಧಿ ಚೀಲ ಬಿಚ್ಚುತ್ತಾ, ಬೆನ್ನು ಮಾಡಿಕೊಂಡೇ ಬಹಳ ಹೊತ್ತು ಏನೋ ಹೇಳಿದರು. ಮೇಸ್ತ್ರಿ ಹೂಂಗುಟ್ಟಿದ. ಆಮೇಲೆ ಅಭ್ಯಾಸದಂತೆ ಸ್ಕ್ರೂಡ್ರೈವರನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದ. ಮೂಳೆಯಲ್ಲಿ ಬರೀ ನಡುಕ. ಆದರೂ, ಏನೋ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, "ಪಿಸ್ಟನ್ ರಿಂಗ್ ಸವೆದಿದೆ. ಮೂರು ದಿನ ಬಿಡಿ" ಅಂದ. ರಿಂಗ್ ಸವೆದಿದ್ದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರಬೇಕು, ಬರುತ್ತಿರಲಿಲ್ಲ. ಅದನ್ನು ನೋಡಿಯಾದರೂ ಅವನು ಒಂದು ಗಳಿಗೆ ಯೋಚಿಸಬೇಕಿತ್ತು. ನರ್ಸಮ್ಮ ಮತ್ತೆ ಏನೋ ಹೇಳಿದರು. ಅದಕ್ಕೂ ಹೂಂ ಅಂದ.

ಮಾರನೇ ದಿನ ಇಂಜಿನ್ ಬಿಚ್ಚಿದರೆ ರಿಂಗುಗಳು ಹೊಸವು. ಫಳಫಳ ಹೊಳೆಯುತ್ತಿದ್ದವು. ಅವನ್ನು ಹಾಕುವಾಗ ಸಿಲಿಂಡರಿನ ಒಳಮೈಯಲ್ಲಿ ಉಜ್ಜಿದ ಗೆರೆಗಳು ಕೂಡ ಮಾಸಿರಲಿಲ್ಲ. ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ಮೇಸ್ತ್ರಿ ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕೂತ. ಮೂವತ್ತೈದು ವರ್ಷದಲ್ಲಿ ಸುಮ್ಮಸುಮ್ಮನೆ ಒಂದು ಇಂಜಿನ್ ಬಿಚ್ಚಿದ್ದು ಇದೇ ಮೊದಲು. ಕೊನೆಗೆ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿ, ಸೋರುವುದು ಅದರಿಂದಲೇ ನಿಂತರೂ ನಿಲ್ಲಬಹುದು ಅಂತ ಆಸೆಯಿಟ್ಟು, ಮತ್ತೆ ಜೋಡಿಸಿದ.

ಮೂರನೇ ದಿನ ನರ್ಸಮ್ಮ ಬಂದರು. ಇಂಜಿನ್ ಶುರುಮಾಡಿ ಹತ್ತು ನಿಮಿಷವಾಗಿರಲಿಲ್ಲ, ಹೊಸ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಸಾಲಾಗಿ ಆಯಿಲ್ ಹನಿಗಳು ಮೂಡಿದವು. ಆಕೆ ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, ಮುಖಕ್ಕೆ ಮುಖ ಕೊಟ್ಟು ಮಾತಾಡಿದರು. ರಿಂಗ್ ಹೊಸದು ಅಂತ ಅವತ್ತೇ ಹೇಳಿದ್ದೆನಲ್ಲ ಅನ್ನುವುದು ಅವರ ತುಟಿಯಲ್ಲಿ ಅರ್ಧಂಬರ್ಧ ಕಂಡಿತು. ಮೇಸ್ತ್ರಿ ಹೂಂ ಅಂದ.

ನರ್ಸಮ್ಮ ಅವನನ್ನೇ ಒಂದು ಗಳಿಗೆ ನೋಡಿದರು. ರೋಗಿಗಳ ನಡುವೆ ಓಡಾಡುವವರ ಕಣ್ಣು ಅದು. ಬೀದಿಯ ಕಡೆ ತಿರುಗಿ ನಿಂತು, ಏನೋ ಹೇಳಿ, ಮತ್ತೆ ಇವನ ಕಡೆ ತಿರುಗಿದರು. ಮಾತು ಮುಗಿದಿರಬೇಕು ಅಂತ ಮೇಸ್ತ್ರಿ ತನ್ನ ಸರದಿಯ ಹೂಂ ಒಪ್ಪಿಸಿದ.

"ನಾನೀಗ ಏನಂದೆ?" ಅಂತ ನರ್ಸಮ್ಮ ಒಂದೊಂದೇ ಮಾತು ಬಿಡಿಸಿ ಕೇಳಿದರು.

"ಅದೇ, ಆಯಿಲ್ ವಿಷಯ."

"ನಿಮ್ಮ ಅಂಗಡಿಗೆ ಬೆಂಕಿ ಬಿದ್ದಿದೆ ಅಂದೆ. ನೀವು ಹೂಂ ಅಂದ್ರಿ."

ಮೇಸ್ತ್ರಿ ತಿರುಗಿ ಅಂಗಡಿಯ ಕಡೆ ನೋಡಿದ. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ, ಅದೂ ಅನ್ನದೆ ಇಂಜಿನ್ನನ್ನೇ ಬಿಚ್ಚಿಡುವವರನ್ನು ನೋಡಿರಲಿಲ್ಲ ಅಂತ ನರ್ಸಮ್ಮ ಗೊಣಗಿದ್ದು ಅವನಿಗೆ ತಿಳಿಯಲಿಲ್ಲ. ಆಕೆ ಚೀಲದಿಂದ ಔಷಧಿ ಚೀಟಿಯೊಂದನ್ನು ತೆಗೆದು, ಅದರ ಹಿಂದೆ ಬರೆದುಕೊಟ್ಟರು. ಗಾಡಿ ಒಮ್ಮೆ ಉರುಳಿಬಿದ್ದಾಗ ಇಂಜಿನ್ ಮೇಲಿನ ಒಂದು ಪೈಪು ಹರಿಯಿತು. ಬೇರೆ ಕಡೆ ಹೊಸದು ಹಾಕಿಸಿದೆ. ಅದಾದ ಮೇಲೇ ಸೋರಲು ಶುರುವಾದದ್ದು. ಆ ಅಂಗಡಿಯವರು ರಿಂಗ್ ಬದಲಿಸಿದರೂ ನಿಲ್ಲಲಿಲ್ಲ. ಇದನ್ನೇ ನಿಮಗೆ ಮೂರು ಸಲ ಹೇಳಿದೆ.

ಚೀಟಿ ಓದಿದವನೇ ಮೇಸ್ತ್ರಿ ಸೀಟು ಬಿಚ್ಚಿದ. ರಿಂಗು ಎಷ್ಟೇ ಹೊಸದಿರಲಿ, ಮೇಲೆ ಉರಿಯುವ ಗ್ಯಾಸು ಸ್ವಲ್ಪವಾದರೂ ಪಿಸ್ಟನ್ನಿನ ಬದಿಯಿಂದ ನುಸುಳಿ ಇಂಜಿನ್ನಿನ ಹೊಟ್ಟೆಗಿಳಿಯುತ್ತದೆ. ಜೊತೆಗೆ ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಅಲ್ಲಿನ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಹೊರಗೆ ಹೋಗಲೆಂದೇ ಬ್ರೀದರ್ ಪೈಪು ಇರುವುದು. ಅದು ಕಟ್ಟಿಕೊಂಡರೆ ಗಾಳಿ ಸಿಕ್ಕಿದ ಸಂದಿಯಲ್ಲೆಲ್ಲ ನುಗ್ಗುತ್ತದೆ, ಹೋಗುವಾಗ ಆಯಿಲನ್ನೂ ಎಳೆದೊಯ್ಯುತ್ತದೆ. ಇದು ಮೇಸ್ತ್ರಿಗೆ ಅಂಗೈ ಮೇಲಿನ ಗೆರೆಯಷ್ಟು ಚೆನ್ನಾಗಿ ಗೊತ್ತಿದ್ದದ್ದೇ. ಆದರೆ ರಿಂಗ್ ಅಂತ ಬಾಯಿಬಿಟ್ಟ ಮೇಲೆ ಅವನು ಆ ಕಡೆ ಕಣ್ಣು ಹಾಯಿಸಿರಲೇ ಇಲ್ಲ.

ಹಾಕಿದ್ದ ಪೈಪು ಕಿರುಬೆರಳಿಗಿಂತ ಸಣ್ಣದು, ಬೇಕಾದ್ದಕ್ಕಿಂತ ಎರಡು ಪಟ್ಟು ಉದ್ದ. ಸೀಟಿನ ಕೆಳಗೆ ಜೋತುಬಿದ್ದು ಹಳ್ಳ ಮಾಡಿಕೊಂಡಿತ್ತು. ಅದನ್ನು ಕಿತ್ತು ಹಿಂಡಿದರೆ ಬೆಣ್ಣೆಯಂಥ ಬೆಳ್ಳನೆಯ ಅಂಟು ಹೊರಬಂತು. ನೀರಿನ ಆವಿ, ಆಯಿಲು ಎರಡೂ ಸೇರಿ ಕಡೆದದ್ದು. ಐದು ನಿಮಿಷ ಓಡಿಸಿ ಒಂದು ಮನೆಯ ಮುಂದೆ, ಇನ್ನೈದು ನಿಮಿಷಕ್ಕೆ ಇನ್ನೊಂದು ಮನೆಯ ಮುಂದೆ ನಿಲ್ಲಿಸುವ ಗಾಡಿಯ ಇಂಜಿನ್ನು ಆ ನೀರು ಆರುವಷ್ಟು ಬಿಸಿಯಾಗುವುದೇ ಇಲ್ಲ. ಸಾಲದ್ದಕ್ಕೆ, ಸೋರಿ ಖಾಲಿಯಾದೀತೆಂದು ಯಾರೋ ಆಯಿಲನ್ನೂ ಗುರುತು ಮೀರಿ ಸುರಿದಿದ್ದರು.

ಆದರೂ ಒಂದು ಅನುಮಾನ ಉಳಿಯಿತು. ಹೊಟ್ಟೆಯಿಂದ ಬರುವ ಗಾಳಿ ಎಷ್ಟು? ಮೊದಲಾದರೆ ಪೈಪಿನ ಬಾಯಿಗೆ ಕಿವಿ ಹಿಡಿದು ಹೇಳುತ್ತಿದ್ದ. ಈಗ ಅದನ್ನು ನೋಡುವ ಉಪಾಯ ಬೇಕು ಅಂದ. ನರ್ಸಮ್ಮ ಚೀಲದಿಂದ ಒಂದು ರಬ್ಬರ್ ಕೈಗವಸು ತೆಗೆದು ಕೊಟ್ಟರು. ಮೇಸ್ತ್ರಿ ಅದರ ಒಂದು ಬೆರಳನ್ನು ಕತ್ತರಿಸಿ, ತುದಿಯಲ್ಲಿ ಸಣ್ಣ ತೂತು ಮಾಡಿ, ಇಂಜಿನ್ನಿನ ಬ್ರೀದರ್ ಬಾಯಿಗೆ ಕಟ್ಟಿ ಕಿಕ್ ಹೊಡೆದ. ರಬ್ಬರ್ ಬೆರಳು ಎದ್ದು ನಿಂತು, ಬಗ್ಗಿ, ಮತ್ತೆ ಎದ್ದಿತು. ರಿಂಗ್ ಕೆಟ್ಟಿದ್ದರೆ ಸೆಟೆದುಕೊಂಡೇ ಇರುತ್ತಿತ್ತು. ಇದು ಒಂದೇ ಲಯದಲ್ಲಿ, ಮೆತ್ತಗೆ ಬಡಿಯುತ್ತಿತ್ತು. ಪರೀಕ್ಷೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಸ್ತ್ರಿ ಅದನ್ನೇ ನೋಡುತ್ತ ಕೂತ.

ಹೆಬ್ಬೆರಳು ದಪ್ಪದ ಹೊಸ ಪೈಪು ಹಾಕಿದ. ಎಲ್ಲೂ ಹಳ್ಳ ಬೀಳದಂತೆ ನೇರ ಮೇಲಕ್ಕೇರಿಸಿದ. ಗಾಳಿಯನ್ನು ಹೊರಗೆ ಬಿಟ್ಟು ಒಳಗೆ ಬಿಡದ ರಬ್ಬರ್ ವಾಲ್ವನ್ನು ಇಂಜಿನ್ನಿನ ಹತ್ತಿರವೇ ಕೂರಿಸಿದ. ಪೈಪಿನ ಇನ್ನೊಂದು ತುದಿಗೆ, ಆಯಿಲ್ ಹನಿ ಹಿಡಿಯಲು ಒಂದು ಪುಟ್ಟ ತಗಡಿನ ಡಬ್ಬಿ ಕಟ್ಟಿದ. ಹೆಚ್ಚಿದ್ದ ಆಯಿಲನ್ನು ಗುರುತಿನ ತನಕ ಇಳಿಸಿದ. ಡಬ್ಬಿಯನ್ನು ತಿಂಗಳಿಗೊಮ್ಮೆ ಖಾಲಿ ಮಾಡಬೇಕು, ವಾರಕ್ಕೊಮ್ಮೆಯಾದರೂ ದೊಡ್ಡ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಇಂಜಿನ್ ಕಾಯಿಸಬೇಕು ಅಂತ ಹೇಳಿದ. ನರ್ಸಮ್ಮ ಊರೆಲ್ಲ ಸುತ್ತಿ ಬಂದು ಗಾಡಿ ನಿಲ್ಲಿಸಿದಾಗ ಕೆಳಗಿನ ಕಲ್ಲು ಒಣಗಿತ್ತು.

ಆದರೆ ಕೆಲಸ ಮಾಡುವಷ್ಟು ಹೊತ್ತೂ ಮೇಸ್ತ್ರಿಯ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಬೆಂಕಿಗೆ ಹೂಂ ಅಂದವನು ಇನ್ನು ಯಾತಕ್ಕೆಲ್ಲ ಹೂಂ ಅಂದಿದ್ದಾನೋ. ತಂಗಿಯ ಕೊನೆಯ ಫೋನು ನೆನಪಿಗೆ ಬಂತು. ಅದು ಭಾನುವಾರವಲ್ಲ, ವಾರದ ನಡುವೆ ಬಂದಿತ್ತು. ಸದ್ದು ನಿಂತಾಗ ಇವನು ಒಳ್ಳೇದಾಯ್ತು ಬಿಡು ಅಂದಿದ್ದ. ಆಮೇಲೆ ಫೋನು ತಣ್ಣಗಾಗಿತ್ತು.

ಅವನು ಫೋನು ತಂದು ನರ್ಸಮ್ಮನ ಮುಂದೆ ಹಿಡಿದ. "ನನ್ನ ತಂಗಿ. ಏಳು ತಿಂಗಳಿಂದ ಮಾತಿಲ್ಲ. ಒಂದ್ಸಲ ನೀವು ಕೇಳಿ ಹೇಳ್ತೀರಾ?"

ನರ್ಸಮ್ಮ ಸ್ಟೂಲಿನ ಮೇಲೆ ಕೂತು ಮಾತಾಡಿದರು. ಹೆಚ್ಚು ಕೇಳಿಸಿಕೊಂಡರು. ಮೇಸ್ತ್ರಿ ಅವರ ಮುಖವನ್ನೇ ನೋಡುತ್ತಿದ್ದ. ಅದರಲ್ಲಿ ಏನೂ ಗೊತ್ತಾಗಲಿಲ್ಲ. ಫೋನ್ ಇಟ್ಟು, ಇನ್ನೊಂದು ಚೀಟಿ ತೆಗೆದು ಬರೆದರು. ತಂಗಿಯ ಯಜಮಾನರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಿಮ್ಮ ತಂಗಿ ನಿಮಗೆ ಫೋನ್ ಮಾಡಿದ್ದರಂತೆ. ನೀವು ಒಳ್ಳೇದಾಯ್ತು ಬಿಡು ಅಂದಿರಂತೆ. ಕಿವಿಯ ವಿಷಯ ನಾನು ಹೇಳಿಲ್ಲ, ಅದನ್ನು ನೀವೇ ಹೇಳಬೇಕು.

ಮಾರನೇ ಬೆಳಿಗ್ಗೆ ಮೇಸ್ತ್ರಿ ಅಂಗಡಿ ಮುಚ್ಚಿ ಬಸ್ಸು ಹತ್ತಿದ. ತಂಗಿಯ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ತೆರೆದವಳು ಒಳಗೆ ಬಾ ಅನ್ನಲಿಲ್ಲ. ಅವಳ ತುಟಿಗಳು ಬೇಗ ಬೇಗ ಆಡಿದವು. ಏಳು ತಿಂಗಳು ಕಟ್ಟಿಟ್ಟದ್ದೆಲ್ಲ ಒಟ್ಟಿಗೇ ಬರುತ್ತಿತ್ತು. ಒಂದು ಮಾತೂ ಹಿಡಿಯಲಾಗಲಿಲ್ಲ. ಮೇಸ್ತ್ರಿ ಕೈ ಅಡ್ಡ ಹಿಡಿದ.

"ನಂಗೆ ಕಿವಿ ಕೇಳಲ್ಲ ಕಣೇ. ಮೂರೂವರೆ ವರ್ಷ ಆಯ್ತು. ಫೋನಲ್ಲಿ ನೀನು ಹೇಳಿದ್ದು ಒಂದೂ ಕೇಳಿಸಿಲ್ಲ."

ಇದನ್ನು ಹೇಳಿದರೆ ಅವಳ ಸಿಟ್ಟು ಇಳಿಯುತ್ತದೆ ಅಂದುಕೊಂಡು ಬಂದಿದ್ದ. ಸಿಟ್ಟೇನೋ ಇಳಿಯಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಲು ಅವನಿಗೆ ಇನ್ನೂ ಕಷ್ಟವಾಯಿತು. ತಂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಅವನಿಗೆ ಅರ್ಥವಾಗುವಷ್ಟು ನಿಧಾನವಾಗಿ ಕೇಳಿದಳು.

"ಹಾಗಾದ್ರೆ ಮೂರು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ ಅಣ್ಣ?"

ಅವಳು ಆ ಭಾನುವಾರಗಳಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಹೇಳಿಕೊಂಡಿದ್ದಳು. ಗಂಡನೊಡನೆ ಮುನಿದದ್ದು, ಅಮ್ಮ ಕನಸಿನಲ್ಲಿ ಬಂದದ್ದು, ಒಮ್ಮೆ ಬದುಕೇ ಸಾಕು ಅನ್ನಿಸಿದ್ದು. ಅಣ್ಣ ಬುದ್ಧಿ ಹೇಳದೆ ತಾಳ್ಮೆಯಿಂದ ಕೇಳುತ್ತಾನೆ ಅಂತ ಅವಳಿಗೆ ಎಷ್ಟು ಹೆಮ್ಮೆಯಿತ್ತೋ. ಇದನ್ನೆಲ್ಲ ಅವಳು ಆ ಮೇಲೆ ಒಂದು ಹಾಳೆಯಲ್ಲಿ ಬರೆದು ತೋರಿಸಿದಳು. ತೋರಿಸಿದ ಹಾಳೆಯನ್ನು ಮಡಿಸಿ ತಾನೇ ಇಟ್ಟುಕೊಂಡಳು.

ಮೇಸ್ತ್ರಿ ಮೂರು ದಿನ ಉಳಿದ. ಭಾವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತಿ ಕೂರಿಸಿದ. ಭಾರೀ ಇಂಜಿನ್ನುಗಳನ್ನು ಎತ್ತಿದ ತೋಳುಗಳಿಗೆ ಅದು ಕಷ್ಟದ ಕೆಲಸವಲ್ಲ. ತಂಗಿ ಊಟ ಬಡಿಸಿದಳು, ಹಾಸಿಗೆ ಹಾಸಿದಳು, ಮಾತು ಮಾತ್ರ ಬೆಳೆಸಲಿಲ್ಲ. ಹೊರಡುವಾಗ ಅವನು ಮೆಟ್ಟಿಲ ಅರ್ಧಕ್ಕೆ ಇಳಿದು ತಿರುಗಿ ನೋಡಿದರೆ, ಮೇಲೆ ನಿಂತು ಏನೋ ಹೇಳುತ್ತಿದ್ದಳು. ಬೆಳಕು ಅವಳ ಹಿಂದಿತ್ತು, ತುಟಿ ಕಾಣಲಿಲ್ಲ. "ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳು" ಅಂದ. ಅವಳು ಏನಿಲ್ಲ, ಹೋಗು ಅನ್ನುವಂತೆ ಕೈಯಾಡಿಸಿ ಒಳಗೆ ಹೋದಳು.

ಊರಿಗೆ ಬಂದ ಮೇಲೆ ಅವನು ಗಿರಾಕಿಗಳಿಗೆಲ್ಲ, ಕಿವಿ ಕೇಳಲ್ಲ, ಎದುರಿಗೆ ನಿಂತು ಹೇಳಿ, ಇಲ್ಲವೇ ಬರೆದುಕೊಡಿ ಅಂತ ಹೇಳತೊಡಗಿದ. ಕೆಲವರು ಬರೆದುಕೊಟ್ಟರು. ಕೆಲವರು ಬೇರೆ ಕಡೆ ಹೋದರು. ಹೊತ್ತು ಕಳೆಯಲು ಬಂದು ಕೂರುತ್ತಿದ್ದವರಂತೂ ಬರುವುದನ್ನೇ ಬಿಟ್ಟರು. ಕಿವುಡನ ಮುಂದೆ ಹರಟೆ ಹೊಡೆಯುವುದು ಯಾರಿಗೆ ಬೇಕು?

ತಿಂಗಳಿಗೊಮ್ಮೆ ಅವನು ತಂಗಿಯ ಊರಿಗೆ ಹೋಗುತ್ತಾನೆ. ಭಾವನಿಗೆ ಬಲಗೈ ಏಳುವುದಿಲ್ಲವಾದ್ದರಿಂದ ಕಿಟಕಿಯ ಹತ್ತಿರ ಕೂರಿಸಿ ಗಡ್ಡ ಹೆರೆಯುವುದು ಇವನ ಕೆಲಸ. ತಂಗಿ ಬಾಗಿಲಿಗೆ ಒರಗಿ ನೋಡುತ್ತಿರುತ್ತಾಳೆ. ಅವಳು ಗಂಡನಿಗೆ ಏನೋ ಹೇಳುತ್ತಾಳೆ, ಅವನ ಮುಖದ ಎಡ ಅರ್ಧ ನಗುತ್ತದೆ, ಅವಳೂ ನಗುತ್ತಾಳೆ. ಏನು ಅಂತ ಮೇಸ್ತ್ರಿ ಕೇಳುವುದಿಲ್ಲ. ನಗು ನಿಲ್ಲುವ ತನಕ ಕತ್ತಿಯನ್ನು ಕೆನ್ನೆಯಿಂದ ದೂರ ಹಿಡಿದು ಕಾಯುತ್ತಾನೆ. ಆಮೇಲೆ ಉಳಿದದ್ದನ್ನು ಹೆರೆಯುತ್ತಾನೆ.